ಸಕ್ಕರೆ ನೋಡಿಸಿದ್ದೀರಿ, ಮೂತ್ರ ನೋಡಿಸಿದ್ದೀರಾ?

ಮಾನ್ಯ ಸಂಪಾದಕರೇ,

ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ (ಸೋತ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಸೋಸುವುದಕ್ಕೆ) ಕಾಯುವವರು ಹೆಚ್ಚುತ್ತಿದ್ದಾರೆ, ಯಂತ್ರ ಸಾಲುತ್ತಿಲ್ಲ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಯಂತ್ರ ಬೇಕು, ನಿಜ. ನಮ್ಮ ಅಣ್ಣ 2020ರಿಂದ ಆ ಯಂತ್ರದಿಂದಲೇ ಬದುಕಿದ್ದಾನೆ. ಆದರೆ ಅಷ್ಟೊಂದು ಜನ ಅಲ್ಲಿಗೆ ಯಾಕೆ ಬರುತ್ತಿದ್ದಾರೆ ಅನ್ನುವುದನ್ನು ಬರಹದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ‘ಮಧುಮೇಹ ಮತ್ತು ರಕ್ತದೊತ್ತಡ ಮುಖ್ಯ ಕಾರಣ’ ಅಂತ. ಆ ಒಂದು ಸಾಲಿನೊಳಗೆ ನಮ್ಮ ಮನೆಯ 14 ವರ್ಷ ಇದೆ. ಅದನ್ನು ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ. ಉದ್ದವಾದರೆ ದಯವಿಟ್ಟು ಕತ್ತರಿಸಬೇಡಿ, ಬೇಕಾದರೆ ಎರಡು ಕಂತು ಮಾಡಿ ಹಾಕಿ.

ನಾನು ನಿವೃತ್ತ ಶಿಕ್ಷಕಿ. ಊರು ತಿಪಟೂರು ಸೀಮೆಯ ಒಂದು ಹಳ್ಳಿ. ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಮೂತ್ರಪಿಂಡದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಣ್ಣನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ವಾರದಲ್ಲಿ ಮೂರು ಸಲ ಅವನ ಜೊತೆ ಆಸ್ಪತ್ರೆಗೆ ಹೋಗುವುದು ಅತ್ತಿಗೆ ಅಥವಾ ನಾನು.

ಅಣ್ಣನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿದ್ದು 2006ರಲ್ಲಿ. ಆಗ ಅವನಿಗೆ 46. ಕಾಲಿಗೆ ಕತ್ತಿ ತಾಗಿ ಆದ ಗಾಯ ಒಂದು ತಿಂಗಳಾದರೂ ಮಾಯಲಿಲ್ಲ, ಆಗ ರಕ್ತ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲೇ 210 ಇತ್ತು. ಮೆಟ್ಫಾರ್ಮಿನ್ ಮಾತ್ರೆ ಬರೆದುಕೊಟ್ಟರು. ಆರೇಳು ವರ್ಷ ಸರಿಯಾಗಿ ನುಂಗಿದ. ತಿಂಗಳಿಗೊಂದು ಸಲ ಶುಗರ್ ನೋಡಿಸುತ್ತಿದ್ದ. ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆವು.

2013ರಲ್ಲಿ ಅಂತ ಕಾಣುತ್ತದೆ, ಸಂತೆಯಲ್ಲಿ ಯಾರೋ ಪರಿಚಯದವರು ಅವನಿಗೆ ಒಂದು ಮಾತು ಹೇಳಿದರು. ‘ಶುಗರ್ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಗುತ್ತೆ ಕಣಯ್ಯ. ನಮ್ಮ ಭಾವಂಗೆ ಹಂಗೇ ಆಯ್ತು.’ ಈ ಮಾತನ್ನು ನೀವೂ ಕೇಳಿರುತ್ತೀರಿ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ದೇವಸ್ಥಾನದ ಜಗುಲಿಯಲ್ಲಿ, ಎಲ್ಲ ಕಡೆ ಹೇಳುತ್ತಾರೆ. ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಅಣ್ಣ ಮನೆಗೆ ಬಂದು ಮಾತ್ರೆಯನ್ನು ಎರಡರಿಂದ ಒಂದಕ್ಕೆ ಇಳಿಸಿದ. ಆಮೇಲೆ ಪೂರ್ತಿ ಬಿಟ್ಟ. ಅದರ ಬದಲು ಯಾರೋ ಕೊಟ್ಟ ಒಂದು ಕಂದು ಬಣ್ಣದ ಪುಡಿಯನ್ನು ಬಿಸಿನೀರಿಗೆ ಹಾಕಿ ಬೆಳಿಗ್ಗೆ ಕುಡಿಯಲು ಶುರು ಮಾಡಿದ. ನನಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ.

ಅದಕ್ಕೇ ಮೊದಲು ಈ ಮಾತನ್ನು ತಿದ್ದಬೇಕು. ಕಿಡ್ನಿ ಹಾಳು ಮಾಡುವುದು ಮೆಟ್ಫಾರ್ಮಿನ್ ಅಲ್ಲ, ವರ್ಷಗಟ್ಟಲೆ ರಕ್ತದಲ್ಲಿ ಜಾಸ್ತಿ ಉಳಿದುಕೊಂಡ ಸಕ್ಕರೆ. ಕಿಡ್ನಿ ಆಗಲೇ ತುಂಬಾ ಸೋತಿದ್ದರೆ ಡಾಕ್ಟರು ಆ ಮಾತ್ರೆಯನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಅದನ್ನು ನೋಡಿದ ಜನ ಮಾತ್ರೆಯಿಂದಲೇ ಕಿಡ್ನಿ ಹೋಯಿತು ಅಂತ ತಿಳಿದುಕೊಳ್ಳುತ್ತಾರೆ. ಮಾತ್ರೆ ನಿಲ್ಲಿಸುವುದು ಯಾಕೆಂದರೆ, ಸೋತ ಕಿಡ್ನಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ, ಅದು ಮೈಯಲ್ಲೇ ಉಳಿದು ತೊಂದರೆ ಕೊಡುತ್ತದೆ ಅಂತ.

ಸಕ್ಕರೆ ಕಿಡ್ನಿಯನ್ನು ಹೇಗೆ ಹಾಳು ಮಾಡುತ್ತದೆ? ಇದನ್ನು ನಾನು ಕಲಿತದ್ದು ಅಣ್ಣನ ಹಾಸಿಗೆ ಪಕ್ಕ ಕೂತು, ಡಾಕ್ಟರನ್ನು ಕೇಳಿ ಕೇಳಿ. ಪಾಠ ಹೇಳಿದ ಅಭ್ಯಾಸ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಜರಡಿಗಳಿವೆ. ಒಂದೊಂದು ಜರಡಿ ಅಂದರೆ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಉಂಡೆ. ದಿನಕ್ಕೆ ಸುಮಾರು 180 ಲೀಟರ್ ನೀರು ಇವುಗಳಿಂದ ಸೋಸಿ ಇಳಿಯುತ್ತದೆ. ಅದರಲ್ಲಿ ಮೈಗೆ ಬೇಕಾದ ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ಕಿಡ್ನಿ ವಾಪಸ್ ಎಳೆದುಕೊಳ್ಳುತ್ತದೆ. ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ವಾಪಸ್ ಎಳೆದುಕೊಳ್ಳುವ ಶಕ್ತಿ ಮೀರಿ ಮೂತ್ರದಲ್ಲಿ ಸಕ್ಕರೆ ಇಳಿಯುತ್ತದೆ. ಹಿಂದಿನವರು ‘ಉಚ್ಚೆಗೆ ಇರುವೆ ಮುತ್ತಿದೆ, ಸಕ್ಕರೆ ಕಾಯಿಲೆ ಇರಬೇಕು’ ಅನ್ನುತ್ತಿದ್ದದ್ದು ಇದಕ್ಕೇ.

ಸಕ್ಕರೆ ಜಾಸ್ತಿ ಇದ್ದಾಗ ಅದನ್ನು ವಾಪಸ್ ಎಳೆಯುವ ಕೆಲಸವೂ ಜಾಸ್ತಿ. ಸಕ್ಕರೆಯ ಜೊತೆಗೇ ಉಪ್ಪಿನ ಅಂಶವೂ ವಾಪಸ್ ಹೋಗುತ್ತದೆ. ಕೆಳಗೆ ಹರಿದುಬರುವ ನೀರಿನಲ್ಲಿ ಉಪ್ಪು ಕಡಿಮೆಯಾದದ್ದನ್ನು ನೋಡಿ ಕಿಡ್ನಿ ತಪ್ಪು ತಿಳಿಯುತ್ತದೆ. ಸೋಸುವುದು ಸಾಲುತ್ತಿಲ್ಲ ಅಂದುಕೊಂಡು ಜರಡಿಗೆ ರಕ್ತ ತರುವ ಬಾಗಿಲನ್ನು ಅಗಲ ಮಾಡುತ್ತದೆ. ಜರಡಿಯ ಒಳಗೆ ಒತ್ತಡ ಏರುತ್ತದೆ. ಮೊದಮೊದಲು ಕಿಡ್ನಿ ಮಾಮೂಲಿಗಿಂತ ಜಾಸ್ತಿಯೇ ಸೋಸುತ್ತದೆ. ಆಗ ಪರೀಕ್ಷೆ ಮಾಡಿಸಿದರೆ ರಿಪೋರ್ಟು ಬಹಳ ಚೆನ್ನಾಗಿ ಕಾಣುತ್ತದೆ. ಮೈಮುರಿದು ದುಡಿಯುವ ಎತ್ತಿಗೆ ಮೇವು ಕೊಡದೆ ಇನ್ನೂ ಉಳುಮೆಗೆ ಹೂಡಿದ ಹಾಗೆ ಅದು.

ಆಮೇಲೆ ಜರಡಿಯ ಪೊರೆ ದಪ್ಪವಾಗುತ್ತದೆ. ಅದನ್ನು ಹೊರಗಿನಿಂದ ಹಿಡಿದುಕೊಂಡಿರುವ ಕೋಶಗಳು ಉದುರುತ್ತವೆ. ಅವು ಮತ್ತೆ ಹುಟ್ಟುವುದು ತೀರಾ ಕಡಿಮೆ. ಜರಡಿಯ ಕಣ್ಣು ಸಡಿಲವಾಗಿ, ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಅನ್ನುವ ಪ್ರೋಟೀನು ಮೂತ್ರಕ್ಕೆ ಸೋರಲು ಶುರುವಾಗುತ್ತದೆ. ಮೊದಲು ತೊಟ್ಟು ತೊಟ್ಟು. ಕೊನೆಗೆ ಜರಡಿ ಗಾಯದ ಕಲೆಯ ಹಾಗೆ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಹೋದ ಜರಡಿಯ ಕೆಲಸ ಉಳಿದವುಗಳ ಹೆಗಲಿಗೆ. ಅವುಗಳ ಮೇಲೆ ಒತ್ತಡ ಇನ್ನೂ ಜಾಸ್ತಿ. ಜೊತೆಗೆ ಬಿಪಿ ಇದ್ದರಂತೂ ಹಾನಿ ಇನ್ನೂ ಬೇಗ.

ಇಷ್ಟೆಲ್ಲ ನಡೆಯುವಾಗ ನೋವಿಲ್ಲ. ಜ್ವರವಿಲ್ಲ. ಉರಿಯೂ ಇಲ್ಲ. ತುಂಬಾ ಜನ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಒಂದು ಕಸ) ಒಂದನ್ನು ನೋಡಿಸಿ ಸರಿಯಿದೆ ಅಂತ ನೆಮ್ಮದಿಯಾಗಿರುತ್ತಾರೆ. ಆದರೆ ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವ ತನಕ ಕ್ರಿಯಾಟಿನಿನ್ ಮಾಮೂಲಿ ಮಿತಿಯೊಳಗೇ ಇರಬಹುದು.

ನಮ್ಮ ಕಡೆ ಕೊಬ್ಬರಿ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡಬೇಕು. ಒಳ್ಳೆ ಗಿಟುಕು ಆಗಿರುವ ಕಾಯಿ, ಒಳಗೇ ಕೊಳೆತ ಕಾಯಿ, ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಣ್ಣ ಅಟ್ಟ ಹತ್ತಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಸದ್ದು ಕೇಳಿಯೇ ಇದು ಸರಿ, ಇದು ಕೆಟ್ಟಿದೆ ಅಂತ ಹೇಳುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಕಿಡ್ನಿಯನ್ನು ಹಾಗೆ ಅಲ್ಲಾಡಿಸಿ ನೋಡುವ ದಾರಿ ಅಂದರೆ ಮೂತ್ರದಲ್ಲಿ ಆಲ್ಬುಮಿನ್ ನೋಡುವ ಪರೀಕ್ಷೆ. 2006ರಿಂದ 2019ರ ತನಕ ಅಣ್ಣನಿಗೆ ಆ ಪರೀಕ್ಷೆ ಒಂದು ಸಲವೂ ಆಗಲಿಲ್ಲ. ಯಾರೂ ಬರೆದುಕೊಡಲಿಲ್ಲ. ನಾವೂ ಕೇಳಲಿಲ್ಲ. ಅಂಥದ್ದೊಂದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ನಡುವೆ ಇನ್ನೊಂದು ತಪ್ಪಾಯಿತು. ಅಣ್ಣನಿಗೆ ಮಂಡಿನೋವು ಇತ್ತು. ಒಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಡುತ್ತಿದ್ದರು. ಡೈಕ್ಲೊಫೆನಾಕ್. ಕಾಯಿ ಕೆಡವುವ ದಿನಗಳಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರು ನಾಲ್ಕು ವರ್ಷ ಹೀಗೇ ನಡೆಯಿತು. ಈ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಸಕ್ಕರೆಯಿಂದ ಆಗಲೇ ಪೆಟ್ಟು ತಿಂದ ಕಿಡ್ನಿಗೆ ಅದು ಇನ್ನೊಂದು ಪೆಟ್ಟು. ನೋಡಿ, ಕಿಡ್ನಿ ಹೋಗುತ್ತದೆ ಅಂತ ಹೆದರಿ ಶುಗರ್ ಮಾತ್ರೆ ಬಿಟ್ಟವನು, ನಿಜವಾಗಿ ಕಿಡ್ನಿಗೆ ಪೆಟ್ಟು ಕೊಡುವ ಮಾತ್ರೆಯನ್ನು ದಿನಾ ನುಂಗುತ್ತಿದ್ದ. ಅವನಿಗೆ ಹೇಳುವವರು ಯಾರೂ ಇರಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

2018ರ ಹೊತ್ತಿಗೆ ಅತ್ತಿಗೆ ಒಂದು ಮಾತು ಹೇಳಿದ್ದರು. ಬಚ್ಚಲಲ್ಲಿ ಅಣ್ಣ ಮೂತ್ರ ಮಾಡಿ ಬಂದ ಮೇಲೆ ಸೋಪಿನ ನೊರೆಯ ಹಾಗೆ ನೊರೆ ನಿಲ್ಲುತ್ತದೆ, ಒಂದು ಚೊಂಬು ನೀರು ಹಾಕಿದರೂ ಹೋಗುವುದಿಲ್ಲ ಅಂತ. ನಾನು ಗಮನ ಕೊಡಲಿಲ್ಲ. ಆ ನೊರೆ ಸೋರಿಹೋಗುತ್ತಿದ್ದ ಪ್ರೋಟೀನಿನದು. ಸಂಜೆಯಾದರೆ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಹಾಗೆ ಉಳಿಯುತ್ತಿತ್ತು. ತೋಟದಲ್ಲಿ ನಿಂತೂ ನಿಂತೂ ಹೀಗಾಗಿದೆ ಅಂದುಕೊಂಡೆವು.

ಆಮೇಲೆ ನಡೆದದ್ದನ್ನು ಎಲ್ಲರೂ ತಿಳಿದುಕೊಳ್ಳಲೇಬೇಕು, ಅದಕ್ಕಾಗಿಯೇ ಮುಖ್ಯವಾಗಿ ಈ ಪತ್ರ ಬರೆಯುತ್ತಿದ್ದೇನೆ. 2019ರ ಬೇಸಿಗೆಯಲ್ಲಿ ಅಣ್ಣನ ಶುಗರ್ ತಾನಾಗೇ ಇಳಿಯಿತು. 280, 300 ಇರುತ್ತಿದ್ದದ್ದು 130ಕ್ಕೆ ಬಂತು. ಒಂದು ದಿನ 95. ಮಾತ್ರೆಯೂ ಇಲ್ಲ, ಪಥ್ಯವೂ ಇಲ್ಲ. ಅಣ್ಣ ಖುಷಿಯಾಗಿ ನಮ್ಮ ಮನೆಗೆ ಬಂದು ಚೀಟಿ ತೋರಿಸಿದ. ‘ನೋಡಮ್ಮ, ಪುಡಿ ಕೆಲಸ ಮಾಡ್ತು. ಶುಗರ್ ಬಿಟ್ಟೇ ಹೋಯ್ತು’ ಅಂದ. ಆವತ್ತು ನಾನೇ ಪಾಯಸ ಮಾಡಿ ಹಾಕಿದೆ. ಅವನು ಎರಡು ಲೋಟ ಕುಡಿದ.

ಪುಡಿಯಿಂದ ಸಕ್ಕರೆ ಇಳಿದಿರಲಿಲ್ಲ. ನಮ್ಮ ಮೈಯಲ್ಲಿ ಹುಟ್ಟುವ ಇನ್ಸುಲಿನ್ ಕೆಲಸ ಮುಗಿಸಿದ ಮೇಲೆ ಅದರಲ್ಲಿ ಒಂದು ಪಾಲನ್ನು ಕರಗಿಸಿ ಹಾಕುವುದು ಕಿಡ್ನಿ. ಕಿಡ್ನಿ ಸೋತಾಗ ಇನ್ಸುಲಿನ್ ಬೇಗ ಕರಗುವುದಿಲ್ಲ, ರಕ್ತದಲ್ಲೇ ಜಾಸ್ತಿ ಹೊತ್ತು ಓಡಾಡುತ್ತದೆ. ಕಿಡ್ನಿ ತಾನೂ ಸ್ವಲ್ಪ ಸಕ್ಕರೆ ತಯಾರಿಸುತ್ತದೆ, ಅದೂ ಕಡಿಮೆಯಾಗುತ್ತದೆ. ವಾಕರಿಕೆಯಿಂದ ಊಟವೂ ಸೇರುವುದಿಲ್ಲ. ಹಾಗಾಗಿ ಸಕ್ಕರೆ ಇಳಿಯುತ್ತದೆ. ಹಳೆಯ ಸಕ್ಕರೆ ಕಾಯಿಲೆಯವರಿಗೆ ಕಾರಣವಿಲ್ಲದೆ ಶುಗರ್ ಇಳಿಯಲು ಶುರುವಾದರೆ, ಇದ್ದಕ್ಕಿದ್ದಂತೆ ಮಾತ್ರೆ, ಇನ್ಸುಲಿನ್ ಕಡಿಮೆ ಸಾಕು ಅನ್ನಿಸಿದರೆ, ದಯವಿಟ್ಟು ಸಂಭ್ರಮಿಸಬೇಡಿ. ಅವತ್ತೇ ಹೋಗಿ ಕಿಡ್ನಿ ಪರೀಕ್ಷೆ ಮಾಡಿಸಿ. ಪಾಯಸ ಮಾಡಿದ ಕೈ ಇದು, ಅದಕ್ಕೇ ಹೇಳುತ್ತಿದ್ದೇನೆ.

ಆ ವರ್ಷ ದಸರಾ ಹೊತ್ತಿಗೆ ಅಣ್ಣನಿಗೆ ಬಾಯಿ ರುಚಿ ಪೂರ್ತಿ ಹೋಯಿತು. ಮುದ್ದೆ ಮುಂದಿಟ್ಟರೆ ಓಕರಿಕೆ. ಮೈಯೆಲ್ಲ ಕೆರೆತ. ಅಟ್ಟದ ಏಣಿಯನ್ನು ಅರ್ಧ ಹತ್ತಿ ಉಸಿರು ಸಿಕ್ಕಿಹಾಕಿಕೊಂಡು ಅಲ್ಲೇ ಕೂತುಬಿಟ್ಟ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಕ್ರಿಯಾಟಿನಿನ್ 7.2. ಹಿಮೋಗ್ಲೋಬಿನ್ 7.8. ಕಿಡ್ನಿಯ ಶಕ್ತಿ ನೂರಕ್ಕೆ ಎಂಟರಷ್ಟು ಉಳಿದಿದೆ ಅಂದರು. ಡಾಕ್ಟರು ಬೈಯಲಿಲ್ಲ. ಹಳೆಯ ಚೀಟಿಗಳ ಕಟ್ಟನ್ನು ಒಂದೊಂದಾಗಿ ಮಗುಚಿ ನೋಡಿ, ‘ಇಷ್ಟು ಸಲ ಸಕ್ಕರೆ ನೋಡಿಸಿದ್ದೀರಿ, ಒಂದು ಸಲ ಮೂತ್ರ ನೋಡಿಸಿದ್ದರೆ ಚೆನ್ನಾಗಿತ್ತು’ ಅಂದರು.

2020ರ ಫೆಬ್ರವರಿಯಲ್ಲಿ ಡಯಾಲಿಸಿಸ್ ಶುರುವಾಯಿತು. ಮುಂದಿನ ತಿಂಗಳೇ ಲಾಕ್‌ಡೌನ್. ಬಸ್ಸಿಲ್ಲ. ಪಕ್ಕದ ಮನೆ ಹುಡುಗ ಗೂಡ್ಸ್ ಆಟೋದಲ್ಲಿ ಚಾಪೆ ಹಾಸಿ ಕರೆದುಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಅಣ್ಣ ಶರ್ಟಿನ ತೋಳು ಮಡಚಿ ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈ ತೋರಿಸುತ್ತಿದ್ದ, ಅವರು ಬಿಡುತ್ತಿದ್ದರು. ಸರ್ಕಾರದ ಡಯಾಲಿಸಿಸ್ ಉಚಿತ. ಅಲ್ಲಿನ ಟೆಕ್ನಿಷಿಯನ್ ಹುಡುಗಿಯರ ಋಣ ನಾವು ತೀರಿಸಲಾರೆವು, ಆ ದಿನಗಳಲ್ಲೂ ಒಂದು ಪಾಳಿ ತಪ್ಪಿಸಲಿಲ್ಲ. ಚಿಕಿತ್ಸೆ ಉಚಿತವಾದರೂ ದಾರಿ ಖರ್ಚು, ಔಷಧಿ ಖರ್ಚು, ಜೊತೆಗೆ ಬರುವವರ ಕೂಲಿ ಹೋಗುವುದು, ಇವೆಲ್ಲ ಮನೆಯವರದೇ. ಅಣ್ಣನ ಎರಡು ಎಕರೆಯಲ್ಲಿ ಒಂದು ಎಕರೆ ಹೋಯಿತು.

ಡಯಾಲಿಸಿಸ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಎಡಗೈಯಲ್ಲಿ ಅಪಧಮನಿ ಮತ್ತು ಅಭಿಧಮನಿ ಎರಡನ್ನೂ ಜೋಡಿಸಿ ಹೊಲಿಯುತ್ತಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಜುಮ್ ಜುಮ್ ಅಂತ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಇರುತ್ತದೆ. ಅತ್ತಿಗೆ ರಾತ್ರಿ ಮಧ್ಯೆ ಎಚ್ಚರವಾದಾಗಲೆಲ್ಲ ಅಲ್ಲಿ ಕೈಯಿಟ್ಟು ನೋಡುತ್ತಾರೆ. ಆ ಸದ್ದು ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡುವ ಹಾಗಿಲ್ಲ, ರಕ್ತ ತೆಗೆಯುವ ಹಾಗಿಲ್ಲ, ಬಿಂದಿಗೆ ಹೊರುವ ಹಾಗಿಲ್ಲ. ಒಂದು ಸಲಕ್ಕೆ ನಾಲ್ಕು ಗಂಟೆ. ಎರಡು ದಪ್ಪ ಸೂಜಿ. ಮುಗಿದ ಮೇಲೆ ಆ ದಿನವೆಲ್ಲ ಸುಸ್ತು, ಗೋಡೆ ಹಿಡಿದು ನಡೆಯಬೇಕು.

ನೀರಿನದು ಇನ್ನೊಂದು ಸಂಕಟ. ಅಣ್ಣನಿಗೆ ಈಗ ಮೂತ್ರ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ, ಶ್ವಾಸಕ್ಕೆ ತುಂಬಿಕೊಳ್ಳುತ್ತದೆ. ಅತ್ತಿಗೆ ಬೆಳಿಗ್ಗೆ ಒಂದು ಬಾಟಲಿಗೆ ಮುಕ್ಕಾಲು ಲೀಟರ್ ತುಂಬಿ ಇಡುತ್ತಾರೆ. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲವೂ ಆ ಲೆಕ್ಕದಲ್ಲೇ ಬರಬೇಕು. ಕಾಫಿ ಕೊಟ್ಟರೆ ಬಾಟಲಿಯಿಂದ ಅಷ್ಟು ನೀರು ಚೆಲ್ಲುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಣ್ಣ ಆ ಬಾಟಲಿಯನ್ನು ನೋಡುವ ನೋಟ ನನಗೆ ನೋಡಲಾಗುವುದಿಲ್ಲ. ಇನ್ನು ಎಳನೀರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸರಿಯಿದ್ದರೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಇವನಿಗೆ ಹೋಗುವುದಿಲ್ಲ, ರಕ್ತದಲ್ಲಿ ಏರಿದರೆ ಎದೆಬಡಿತವೇ ನಿಲ್ಲಬಹುದು. ಅಪ್ಪ ನೆಟ್ಟ ಮರಗಳು, ತಾನೇ ನೀರು ಹಾಯಿಸಿ ಬೆಳೆಸಿದ ಮರಗಳು. ಐದು ವರ್ಷದಿಂದ ಒಂದು ಎಳನೀರು ಅವನ ಬಾಯಿಗೆ ಹೋಗಿಲ್ಲ. ನೆಂಟರು ಬಂದರೆ ತಾನೇ ಕಾಯಿ ಆರಿಸಿ ಕೆತ್ತಿಸಿ ಕೊಡಿಸುತ್ತಾನೆ. ಅವರು ಕುಡಿದು ಮುಗಿಸುವ ತನಕ ಒಳಗೆ ಹೋಗಿ ಕೂತಿರುತ್ತಾನೆ.

ಈಗ ನನ್ನ ವಿಷಯ. ನನಗೂ ಸಕ್ಕರೆ ಕಾಯಿಲೆ ಇದೆ, 2015ರಿಂದ. ಅಣ್ಣನನ್ನು ನೋಡಿದ ಕಿಡ್ನಿ ಡಾಕ್ಟರು ಅವತ್ತೇ ಕೇಳಿದರು, ಮನೆಯಲ್ಲಿ ಇನ್ಯಾರಿಗೆ ಶುಗರ್ ಇದೆ ಅಂತ. ಕುಟುಂಬದಲ್ಲಿ ಒಬ್ಬರಿಗೆ ಹೀಗಾಗಿದ್ದರೆ ಉಳಿದ ಸಕ್ಕರೆಯವರಿಗೂ ಸಾಧ್ಯತೆ ಜಾಸ್ತಿಯಂತೆ. ನನ್ನ ಕ್ರಿಯಾಟಿನಿನ್ 0.8 ಇತ್ತು, ಪೂರ್ತಿ ಸರಿ. ಕಡ್ಡಿ ಅದ್ದಿ ನೋಡುವ ಸಾದಾ ಮೂತ್ರ ಪರೀಕ್ಷೆಯಲ್ಲೂ ಏನೂ ಇಲ್ಲ ಅಂತ ಬಂತು. ಆ ಕಡ್ಡಿಗೆ ಸಣ್ಣ ಸೋರಿಕೆ ಸಾಮಾನ್ಯವಾಗಿ ಸಿಗುವುದಿಲ್ಲ. ‘ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೊ’ ಅಂತ ಬೇರೆ ಪರೀಕ್ಷೆ ಬರೆದುಕೊಟ್ಟರು. ಲ್ಯಾಬಿನಲ್ಲಿ ಎಸಿಆರ್ ಅಂದರೆ ಸಾಕು, ಗೊತ್ತಾಗುತ್ತದೆ. ಬೆಳಗಿನ ಮೊದಲ ಮೂತ್ರವನ್ನು ಸಣ್ಣ ಡಬ್ಬಿಯಲ್ಲಿ ಕೊಡಬೇಕು, ಅಷ್ಟೇ. ಸೂಜಿಯಿಲ್ಲ, ಉಪವಾಸವಿಲ್ಲ. ನಾನು ಕೊಟ್ಟದ್ದು 400 ರೂಪಾಯಿ. 30ರ ಒಳಗಿದ್ದರೆ ಸರಿ. 30ರಿಂದ 300ರ ತನಕ ಇದ್ದರೆ ಸೋರಿಕೆ ಶುರುವಾಗಿದೆ ಅಂತ. 300 ದಾಟಿದರೆ ಜೋರಾಗಿದೆ ಅಂತ. ನನ್ನದು 112 ಬಂತು.

ರಿಪೋರ್ಟು ಹಿಡಿದುಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಣ್ಣನ ಮುಖವೇ ಕಣ್ಣಮುಂದೆ ಬಂತು. ಡಾಕ್ಟರು ಸಮಾಧಾನ ಹೇಳಿದರು. ಜ್ವರ ಇದ್ದರೆ, ಮೂತ್ರದಲ್ಲಿ ಸೋಂಕು ಇದ್ದರೆ, ತುಂಬಾ ಮೈ ದಣಿದಿದ್ದರೂ ಒಮ್ಮೊಮ್ಮೆ ಹೀಗೆ ಬರುತ್ತದೆ, ಮೂರರಿಂದ ಆರು ತಿಂಗಳೊಳಗೆ ಇನ್ನೂ ಎರಡು ಸಲ ನೋಡೋಣ, ಮೂರರಲ್ಲಿ ಎರಡು ಸಲ ಬಂದರೆ ಮಾತ್ರ ನಿಜ ಅಂತ. ಮೂರೂ ಸಲ ಬಂತು. ‘ಹೆದರಬೇಡಿ, ನೀವು ಸರಿಯಾದ ಹೊತ್ತಿಗೆ ಬಂದಿದ್ದೀರಿ’ ಅಂದರು.

ಟೆಲ್ಮಿಸಾರ್ಟನ್ ಶುರು ಮಾಡಿದರು. ನಾನು ಬಿಪಿ ಮಾತ್ರೆ ಅಂತಲೇ ತಿಳಿದಿದ್ದೆ. ಬಿಪಿಯನ್ನೂ ಇಳಿಸುತ್ತದೆ, ಜೊತೆಗೆ ಜರಡಿಯ ಒಳಗಿನ ಒತ್ತಡವನ್ನೂ ಇಳಿಸುತ್ತದೆ. ಇದೇ ಗುಂಪಿನ ಲೊಸಾರ್ಟನ್ ಸಕ್ಕರೆಯವರ ಕಿಡ್ನಿ ಹಾಳಾಗುವುದನ್ನು ನಿಧಾನ ಮಾಡುತ್ತದೆ ಅಂತ 2001ರಲ್ಲೇ ದೊಡ್ಡ ಅಧ್ಯಯನದಲ್ಲಿ ಗೊತ್ತಾಗಿತ್ತು. ನಮ್ಮ ಅಣ್ಣನಿಗೆ ಕಾಯಿಲೆ ಬರುವುದಕ್ಕೂ ಐದು ವರ್ಷ ಮೊದಲು! 2021ರಲ್ಲಿ ಡಾಪಾಗ್ಲಿಫ್ಲೊಜಿನ್ ಸೇರಿಸಿದರು. ಕಿಡ್ನಿ ಸಕ್ಕರೆಯನ್ನು ವಾಪಸ್ ಎಳೆದುಕೊಳ್ಳುತ್ತದೆ ಅಂದೆನಲ್ಲ, ಈ ಮಾತ್ರೆ ಅದನ್ನೇ ತಡೆಯುತ್ತದೆ. ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಅಗಲವಾಗಿದ್ದ ಬಾಗಿಲು ಮತ್ತೆ ಅಳತೆಗೆ ಬರುತ್ತದೆ, ಒತ್ತಡ ಇಳಿಯುತ್ತದೆ. ಕಿಡ್ನಿ ಉಳಿಸುವಲ್ಲಿ ಇದರ ಪ್ರಯೋಜನ 2020ರ ಅಧ್ಯಯನದಲ್ಲಿ ಗಟ್ಟಿಯಾಗಿದೆ. ನಮ್ಮ ದೇಶದ ಕಂಪನಿಗಳೂ ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಇಳಿದಿದೆ. ಆದರೆ ಇವೆಲ್ಲ ಡಾಕ್ಟರು ನೋಡಿ ಕೊಡಬೇಕಾದ ಮಾತ್ರೆಗಳು. ಟೆಲ್ಮಿಸಾರ್ಟನ್ ಶುರು ಮಾಡಿದ ಒಂದೆರಡು ವಾರಕ್ಕೆ ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕು. ವಾಂತಿ, ಭೇದಿ, ಉಪವಾಸದ ದಿನಗಳಲ್ಲಿ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಬೇಕು. ನನ್ನ ಪತ್ರ ನೋಡಿ ಯಾರೂ ಸುಮ್ನೆ ಅಂಗಡಿಗೆ ಹೋಗಿ ಕೊಳ್ಳಬೇಡಿ.

ಊಟದಲ್ಲೂ ಬದಲಾವಣೆ ಮಾಡಿಕೊಂಡೆ. ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ರಾಗಿಯೂ ಪಿಷ್ಟವೇ, ಎರಡು ಮುದ್ದೆ ಒಂದಾಯಿತು. ಉಪ್ಪಿನಕಾಯಿ ಭರಣಿಯನ್ನು ಸೊಸೆಯ ಕಡೆಗೆ ತಳ್ಳಿದೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಬಿಪಿ 130/80ರ ಒಳಗೆ ಇಟ್ಟುಕೊಂಡಿದ್ದೇನೆ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ ಪರೀಕ್ಷೆ, ಇದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ) 8.9 ಇದ್ದದ್ದು ಈಗ 7ರ ಹತ್ತಿರ. ಬ್ರಿಟನ್ನಿನಲ್ಲಿ 20 ವರ್ಷ ನಡೆದು 1998ರಲ್ಲಿ ಫಲಿತಾಂಶ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಆ ಸರಾಸರಿ ಒಂದು ಅಂಕ ಇಳಿದರೂ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಂತೆ. ನನ್ನ ಎಸಿಆರ್ ಕಳೆದ ತಿಂಗಳು 34.

ಒಂದೇ ತಾಯಿಯ ಮಕ್ಕಳು. ಒಂದೇ ಕಾಯಿಲೆ. ಅವನು ಯಂತ್ರದ ಮೇಲೆ, ನಾನು ಪಕ್ಕದ ಸ್ಟೂಲಿನ ಮೇಲೆ.

ಇನ್ನು ನನ್ನ ಬೇಡಿಕೆಗಳು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆಯವರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಒಂದಲ್ಲ ಒಂದು ದಿನ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಅಷ್ಟು ಜನಕ್ಕೆ ಯಂತ್ರ ಎಲ್ಲಿಂದ ತರುತ್ತೀರಿ? ಆರೋಗ್ಯ ಇಲಾಖೆಯವರಲ್ಲಿ ನಾನು ಕೇಳುವುದು ಇಷ್ಟು. ಸಕ್ಕರೆ, ಬಿಪಿಯವರಿಗೆ ಕೊಡುವ ಪುಸ್ತಕದಲ್ಲಿ ಮೂತ್ರದ ಆಲ್ಬುಮಿನ್‌ಗೆ, ಕ್ರಿಯಾಟಿನಿನ್‌ಗೆ ಒಂದೊಂದು ಕಾಲಂ ಹಾಕಿಸಿ. ನಮ್ಮ ಬೀದಿಯಲ್ಲಿ ಒಂಬತ್ತು ಜನರ ಪುಸ್ತಕ ತಿರುವಿ ನೋಡಿದ್ದೇನೆ, ಒಂದರಲ್ಲೂ ಇಲ್ಲ. ನಡುವಯಸ್ಸಿನಲ್ಲಿ ಬರುವ ನಮ್ಮಂಥವರ ಸಕ್ಕರೆ ಕಾಯಿಲೆಗೆ ಗೊತ್ತಾದ ದಿನವೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಈ ಪರೀಕ್ಷೆ ಆಗಬೇಕು. ಕಾಲಂ ಖಾಲಿ ಇದ್ದರೆ ಆಶಾ ಕಾರ್ಯಕರ್ತೆ ಕೇಳುತ್ತಾಳೆ, ರೋಗಿಯೂ ಕೇಳುತ್ತಾನೆ. ಶಾಲೆಯ ಹಾಜರಿ ಪುಸ್ತಕ ಹಿಡಿದವಳು ನಾನು, ಖಾಲಿ ಬಿಟ್ಟ ಚೌಕ ಕಣ್ಣಿಗೆ ಹೇಗೆ ಚುಚ್ಚುತ್ತದೆ ಅಂತ ಗೊತ್ತು.

ಮೆಡಿಕಲ್ ಶಾಪ್ ನಡೆಸುವ ಅಣ್ಣತಮ್ಮಂದಿರೇ, ಚೀಟಿ ಇಲ್ಲದೆ ನೋವಿನ ಮಾತ್ರೆ ಕೇಳಿದವರಿಗೆ ‘ನಿಮಗೆ ಶುಗರ್ ಇದೆಯಾ? ಕಿಡ್ನಿ ನೋಡಿಸಿದ್ದೀರಾ?’ ಅಂತ ಕೇಳಿ, ಡಾಕ್ಟರ ಹತ್ತಿರ ಕಳಿಸಿ. ನಿಮ್ಮ ಒಂದು ಮಾತಿಗೆ ಹಳ್ಳಿಯಲ್ಲಿ ಬೆಲೆ ಇದೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೊಳ್ಳುವುದಿದೆ. ಸಕ್ಕರೆ ಕಾಯಿಲೆಯನ್ನು ಬುಡಸಮೇತ ವಾಸಿ ಮಾಡುತ್ತೇವೆ, ಮಾತ್ರೆ ಬಿಡಿ ಅನ್ನುವ ಜಾಹೀರಾತುಗಳು ಪತ್ರಿಕೆಗಳಲ್ಲಿ, ಪತ್ರಿಕೆಯೊಳಗೆ ಇಟ್ಟು ಕೊಡುವ ಚೀಟಿಗಳಲ್ಲಿ ಬರುತ್ತಲೇ ಇವೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ, ಅದನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು ಅಪರಾಧ. ಅಣ್ಣನ ಪೆಟ್ಟಿಗೆಯಲ್ಲಿ ಆ ಪುಡಿಯ ಚೀಟಿ ಇನ್ನೂ ಇದೆ, ನಾಲ್ಕು ಮಡಿಕೆ ಮಡಚಿ ಇಟ್ಟುಕೊಂಡಿದ್ದಾನೆ. ಓದು ಬಲ್ಲವನು ಅವನು. ಅಚ್ಚಾಗಿ ಬಂದದ್ದನ್ನು ನಂಬುತ್ತಾನೆ. ಅಂಥವುಗಳನ್ನು ನೀವು ತೆಗೆದುಕೊಳ್ಳಬೇಡಿ.

ಅಣ್ಣನ ಮಗನಿಗೆ ಈಗ 38. ಎರಡು ವರ್ಷದಿಂದ ಶುಗರ್. ಬೆಂಗಳೂರಿನಲ್ಲಿ ಕೆಲಸ, ನೋಡಿಸುತ್ತೇನೆ ನೋಡಿಸುತ್ತೇನೆ ಅಂತ ದಿನ ತಳ್ಳುತ್ತಿದ್ದ. ಯುಗಾದಿಗೆ ಊರಿಗೆ ಬಂದಾಗ ನಾನೇ ಹಿಂದಿನ ರಾತ್ರಿ ಡಬ್ಬಿ ಕೈಗೆ ಕೊಟ್ಟು, ಬೆಳಿಗ್ಗೆ ಲ್ಯಾಬಿಗೆ ಕರೆದುಕೊಂಡು ಹೋದೆ. 18 ಬಂತು. ಅಣ್ಣ ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ‘ಮುಂದಿನ ಯುಗಾದಿಗೂ ಮಾಡಿಸು’ ಅಂದ ಮಗನಿಗೆ. ಈ ಪತ್ರ ಬರೆಯಲು ಹೇಳಿದ್ದೂ ಅವನೇ, ಹೆಸರು ಮಾತ್ರ ಬೇಡ ಅಂದಿದ್ದಾನೆ.

ನಾಳೆ ಅವನ ಪಾಳಿ. ಆರೂವರೆ ಬಸ್ಸಿಗೆ ಹೊರಡಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ತಿಪಟೂರು ತಾಲ್ಲೂಕು